ಹನ್ನೊಂದನೇ ನಂಬರಿನ ಹೊನ್ನಿ

ಚನಬಸಪ್ಪನವರು ನಮ್ಮ ಆಫೀಸಿಗೆ ಮೊದಲ ದಿನ ಬಂದಾಗ ಅವರ ಅಂಗಿಯ ಜೇಬಿನಿಂದ ವರ್ನಿಯರ್ ಕ್ಯಾಲಿಪರ್ ಇಣುಕುತ್ತಿತ್ತು. ಕೈಯಲ್ಲಿ ಹಿಡಿಯುವಂಥ ಒಂದು ಸಾಮಾನನ್ನೂ ತಯಾರಿಸದ ಕಂಪನಿಗೆ ಅಳತೆಯ ಉಪಕರಣ ತಂದ ಮೊದಲನೆಯ ಮನುಷ್ಯ ಅವರು. ನಾನು ಅದನ್ನು ನೋಡಿ ನಕ್ಕೆ. ಆ ನಗು ಅಷ್ಟೇನೂ ಒಳ್ಳೆಯದಾಗಿರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಮ್ಮದು ವೈಟ್‌ಫೀಲ್ಡಿನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿರುವ ಸಣ್ಣ ಕಂಪನಿ. ನಾವು ಬೊಂಬೆ ಮಾಡುತ್ತೇವೆ, ಆದರೆ ಅವು ಕಂಪ್ಯೂಟರಿನೊಳಗೇ ಹುಟ್ಟಿ ಅಲ್ಲೇ ಇರುವ ಬೊಂಬೆಗಳು. ಅವುಗಳನ್ನಿಟ್ಟುಕೊಂಡು ಆಡುವ ಆಟ ಗೊತ್ತಿಲ್ಲದವರಿಗೆ ಹೀಗೆ ಹೇಳುತ್ತೇನೆ. ಐದಾರು ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಇಂಟರ್‌ನೆಟ್ಟಿನಲ್ಲಿ ಒಂದೇ ಪರದೆಗೆ ಸೇರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಆ ಕಥೆಯಲ್ಲಿ ಒಂದೊಂದು ಪಾತ್ರವಾಗುತ್ತಾರೆ. ಪರದೆಯ ಮೇಲೆ ಒಂದು ಮೇಜು, ಮೇಜಿನ ಮೇಲೆ ಕೋಟೆಯೋ ಕಾಡೋ ಕೆರೆಯೋ. ಅಲ್ಲಿ ಒಬ್ಬೊಬ್ಬರಿಗೂ ಒಂದು ಪುಟ್ಟ ಬೊಂಬೆ. ‘ನಾನು ಬಾಗಿಲು ಒದೀತೀನಿ’ ಎಂದೋ ‘ನಾನು ಓಡಿಹೋಗ್ತೀನಿ’ ಎಂದೋ ಹೇಳಿ, ದಾಳ ಉರುಳಿಸಿ, ಬಿದ್ದ ಸಂಖ್ಯೆಯ ಪ್ರಕಾರ ಬೊಂಬೆಯನ್ನು ಸರಿಸಬೇಕು. ಮೇಜೂ ಇಲ್ಲ, ದಾಳವೂ ಇಲ್ಲ, ಬೊಂಬೆಯೂ ಇಲ್ಲ. ಆದರೂ ತಮ್ಮ ಪಾತ್ರ ಸತ್ತಾಗ ನಿಜವಾಗಿ ಅತ್ತವರನ್ನು ನಾನು ನೋಡಿದ್ದೇನೆ.

ನಾನು ವನಜಾ. ಒಂಬತ್ತು ವರ್ಷದಿಂದ ಈ ಬೊಂಬೆಗಳನ್ನು ಮಾಡುತ್ತಿದ್ದೇನೆ, ಬೇರೆಯವರು ಮಾಡಿದ್ದನ್ನು ತಿದ್ದುವುದೂ ನನ್ನದೇ ಕೆಲಸ. ಬೇಗೂರಿನವಳು. ನಮ್ಮ ಹೊಲವಿದ್ದ ಜಾಗದಲ್ಲಿ ಈಗ ಹದಿನಾಲ್ಕು ಬಾಡಿಗೆ ಮನೆಗಳಿವೆ. ಮೋಟರ್ ಆಫ್ ಮಾಡಲು ಮರೆತ ಬಾಡಿಗೆಯವರ ಹತ್ತಿರ ನಮ್ಮಮ್ಮ ಯಾವ ಧಾಟಿಯಲ್ಲಿ ಮಾತನಾಡುತ್ತಾರೋ ಅದೇ ಧಾಟಿಯಲ್ಲಿ ನಾನು ಆಫೀಸಿನಲ್ಲಿ ಮಾತನಾಡುತ್ತೇನೆ ಎಂದು ಜೊತೆಯವರ ದೂರು. ಸಿಟ್ಟು ಬೇಗ ಬರುತ್ತದೆ, ಅದರಲ್ಲಿ ಮುಚ್ಚಿಡುವುದೇನಿಲ್ಲ.

ಚನಬಸಪ್ಪನವರಿಗೆ ಐವತ್ತನಾಲ್ಕು. ಮಲಪ್ರಭೆಯ ದಂಡೆಯ ಹೊಳೆಆಲೂರ ಕಡೆಯವರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಪ್ಲಾಸ್ಟಿಕ್ ಸಾಮಾನಿನ ಅಚ್ಚುಗಳನ್ನು ರೂಪಿಸಿದವರು. ಬಕೆಟ್ಟು, ಸ್ವಿಚ್ ಬಾಕ್ಸು, ಟಿಫಿನ್ ಡಬ್ಬಿ, ಕುರ್ಚಿಯ ಕಾಲಿನ ಟೋಪಿ, ಹೀಗೆ ನಾವು ದಿನವೂ ಮುಟ್ಟಿ ಒಮ್ಮೆಯೂ ನೋಡದ ನೂರೆಂಟು ವಸ್ತುಗಳು. ಕಾರ್ಖಾನೆಯವರು ಅಚ್ಚುಗಳನ್ನು ಹೊರಗಿನಿಂದ ತರಿಸತೊಡಗಿ ಆ ವಿಭಾಗವನ್ನೇ ಮುಚ್ಚಿದಾಗ ಇವರನ್ನು ಸ್ಟೋರ್ಸ್ ನೋಡಿಕೊಳ್ಳಿ ಎಂದರಂತೆ. ಇವರು ಒಲ್ಲೆ ಎಂದು ಎದ್ದು ಬಂದರು. ಕಂಪ್ಯೂಟರಿನಲ್ಲಿ ಆಕಾರ ಕಟ್ಟುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ನಮ್ಮ ಕಂಪನಿಯ ಯಜಮಾನ ಮಲ್ಲಿಕ್, ಮೂರು ತಿಂಗಳು ನೋಡೋಣ ಎಂದ. ಮೂರು ತಿಂಗಳಲ್ಲಿ ನಲವತ್ತು ಬೊಂಬೆ ಮಾಡಬೇಕು. ಒಪ್ಪಿಗೆಯಾದರೆ ಕೆಲಸ, ಇಲ್ಲದಿದ್ದರೆ ಇಲ್ಲ.

“ಈ ವಯಸ್ಸಿನಾಗ ಹೊಸಾದು ಕಲೀಲಿಕ್ಕೆ ಇದೊಂದು ಸಲ ಧೈರ್ಯ ಮಾಡೇನ್ರಿ ಮೇಡಂ,” ಎಂದರು ಮೊದಲ ದಿನ ಕಾಫಿ ಕುಡಿಯುತ್ತಾ. “ಇದು ಆಗಲಿಲ್ಲಂದ್ರ ಇನ್ನೊಮ್ಮೆ ಧೈರ್ಯ ಬರಾಂಗಿಲ್ಲ. ಸ್ಟೋರ್ಸಿನಾಗ ಕುಂತು ನಟ್ಟು ಬೋಲ್ಟು ಎಣಿಸೋದ.”

ಅವರ ಮನೆ ಚಿಕ್ಕಬಾಣಾವರದಲ್ಲಿ. ಜಾಲಹಳ್ಳಿ ಕ್ರಾಸಿನವರೆಗೆ ಬಸ್ಸು, ಅಲ್ಲಿಂದ ಮೆಟ್ರೋ, ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಮೆಟ್ರೋ. ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಆದರೂ ಒಂಬತ್ತೂಕಾಲಿಗೆ ಅವರು ಕುರ್ಚಿಯಲ್ಲಿರುತ್ತಿದ್ದರು. ಇಲ್ಲೇ ಪಕ್ಕದ ರಸ್ತೆಯಲ್ಲಿ ಪಿಜಿಯಲ್ಲಿರುವ ನಮ್ಮ ಹುಡುಗರು ಹತ್ತೂವರೆಗೆ ಕಣ್ಣುಜ್ಜಿಕೊಂಡು ಬರುತ್ತಿದ್ದರು.

ಅವರ ಮೊದಲ ಬೊಂಬೆ ಈಟಿ ಹಿಡಿದ ಕಾವಲುಗಾರ. ಅದನ್ನು ನನ್ನ ಪರದೆಯಲ್ಲಿ ತಿರುಗಿಸಿ ನೋಡಿದೆ. ಕೈಗಳು ಮೈಗೆ ಅಂಟಿಕೊಂಡಿದ್ದವು. ಕಂಕುಳೇ ಇರಲಿಲ್ಲ. ಈಟಿ ಭುಜದಿಂದ ಪಾದದವರೆಗೆ ದೇಹದಲ್ಲೇ ಹುದುಗಿಹೋಗಿತ್ತು. ಗಲ್ಲದ ಕೆಳಗೆ ಕತ್ತಿನ ಸಂದಿಯಿರಲಿಲ್ಲ. ಇಡೀ ಮನುಷ್ಯ ತಲೆಯ ಕಡೆ ಕಿರಿದಾಗಿ ಕಾಲ ಕಡೆ ತುಸು ತುಸುವೇ ಅಗಲವಾಗುತ್ತಾ ಹೋಗಿದ್ದ.

“ಇದ್ಯಾಕ್ ಸಾರ್ ಹೀಗೆ?” ಎಂದೆ.

“ಟೇಪರ್ ಕೊಟ್ಟೇನ್ರಿ. ಎರಡು ಡಿಗ್ರಿ. ಇಲ್ಲಂದ್ರ ಮೋಲ್ಡಿನಿಂದ ಹೊರಗ ಬರಾಂಗಿಲ್ಲ. ಕಂಕುಳದಾಗ ಸಂದಿ ಬಿಟ್ಟರ ಅಲ್ಲೇ ಸಿಕ್ಕೊಂಡು ಕುಂದರತೈತಿ.”

“ಮೋಲ್ಡ್ ಎಲ್ಲಿದೆ ಸಾರ್?”

ಅವರು ನನ್ನ ಮುಖ ನೋಡಿದರು. ಆಮೇಲೆ ಪರದೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಹೌದಲ್ರಿ. ಇದು ಎದರಾಗಿಂದನೂ ಬರಬೇಕಾಗಿಲ್ಲ,” ಎಂದರು. ನನಗೂ ನಗು ಬಂತು. ಅವರ ಇಪ್ಪತ್ತೊಂಬತ್ತು ವರ್ಷಗಳ ಕೆಲಸದ ಗುಟ್ಟು ಇಷ್ಟೇ ಎಂದು ಅವತ್ತು ತಿಳಿಯಿತು. ನಾವು ಬಕೆಟ್ ನೋಡುತ್ತೇವೆ, ಅವರು ಅದು ಯಾವ ದಿಕ್ಕಿಗೆ ಎಳೆದರೆ ಅಚ್ಚಿನಿಂದ ಬಿಟ್ಟು ಬರುತ್ತದೆ ಎಂದು ನೋಡುತ್ತಾರೆ.

ನಗು ಒಂದು ವಾರ ಬಾಳಿತು. ಎರಡನೇ ಬೊಂಬೆಗೂ ಟೇಪರ್, ಐದನೆಯದಕ್ಕೂ ಟೇಪರ್. ಹೇಳಿದಾಗಲೆಲ್ಲ “ಹೌದ್ರಿ, ತಪ್ಪಾತು” ಎನ್ನುತ್ತಿದ್ದರು, ಕೂತು ಕಂಕುಳು ಕೊರೆಯುತ್ತಿದ್ದರು, ಮಾರನೆಯ ದಿನ ಕೈ ತಾನಾಗಿ ಅದನ್ನು ಮತ್ತೆ ತುಂಬಿಬಿಟ್ಟಿರುತ್ತಿತ್ತು. ಆರನೆಯದಕ್ಕೆ ನನ್ನ ತಾಳ್ಮೆ ಮುಗಿಯಿತು. ಇದು ಬಕೆಟ್ ಕಂಪನಿಯಲ್ಲ ಎಂದು ಎಲ್ಲರೆದುರು ಅಂದುಬಿಟ್ಟೆ. ಆ ಮಧ್ಯಾಹ್ನ ಅವರು ರೊಟ್ಟಿ ಬುತ್ತಿ ಬಿಚ್ಚಿ ನನಗೂ ಒಂದು ತುಂಡು ಶೇಂಗಾ ಹೋಳಿಗೆ ಇಟ್ಟರು. ಅದನ್ನು ತಿನ್ನುವಾಗ ನನಗೆ ನಾಚಿಕೆಯಾಯಿತು.

“ಮೇಡಂ, ಒಂದು ಕೇಳ್ಲೇನ್ರಿ?” ಎಂದರು. “ಈ ಆಟ ನಾ ಒಮ್ಮೆನೂ ನೋಡಿಲ್ಲ. ಬಕೆಟ್ ಮಾಡೋ ಮೊದ್ಲ ಹೆಂಗಸರು ನೀರು ಹೆಂಗ ಸೇದ್ತಾರ ಅಂತ ನೋಡಿ ಬಂದಾಂವ ನಾನು. ಇದನ್ನೂ ನೋಡಬೇಕಲ್ರಿ.”

ನಮ್ಮ ಬೊಂಬೆಗಳನ್ನು ಮೊದಲು ಬಳಸಿ ನೋಡುವುದು ಬಾಲಾಜಿಯ ಗುಂಪು. ಬಾಲಾಜಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವನು, ಪ್ರತಿ ಶನಿವಾರ ಮಧ್ಯಾಹ್ನ ಕನ್ನಡದಲ್ಲೇ ಕಥೆ ನಡೆಸುತ್ತಾನೆ. ಆ ಶನಿವಾರ ನಾನೂ ಚನಬಸಪ್ಪನವರೂ ಆಫೀಸಿನಲ್ಲಿ ಕೂತು ಅವರ ಆಟವನ್ನು ಪರದೆಯ ಮೇಲೆ ನೋಡಿದೆವು. ಹೊಳೆಯ ಆಚೆ ದಡದಲ್ಲಿ ಒಂದು ಪಾಳು ಕೋಟೆ, ಈಚೆ ದಡದಲ್ಲಿ ಐದು ಬೊಂಬೆಗಳು. ಐದನೆಯವಳ ಹೆಸರು ಹೊನ್ನಿ. ಹರಗೋಲಿನಲ್ಲಿ ಜನರನ್ನು ಹೊಳೆ ದಾಟಿಸುವವಳು. ಅವಳನ್ನು ಆಡಿಸುತ್ತಿದ್ದವಳು ಸ್ಫೂರ್ತಿ ಎಂಬ ಹುಡುಗಿ, ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದವಳು. ಮೊದಲ ಪಾಳಿ ಮುಗಿಸಿ, ಕಂಪನಿ ಬಸ್ಸಿನಲ್ಲಿ ಕೂತು ಫೋನಿನಲ್ಲೇ ಆಡುತ್ತಿದ್ದಳು. ಮಧ್ಯೆ ಮಧ್ಯೆ ಬಸ್ಸಿನ ಹಾರನ್ನು ನಮಗೂ ಕೇಳುತ್ತಿತ್ತು.

ಚನಬಸಪ್ಪನವರಿಗೆ ಎಲ್ಲವೂ ಬೇಕು. ದಾಳ ಯಾರು ಹಾಕುತ್ತಾರೆ, ಸುಳ್ಳು ಹೇಳಿದರೆ ಹೇಗೆ ತಿಳಿಯುತ್ತದೆ, ಹೊನ್ನಿಗೆ ಈಜು ಬರುತ್ತದೆಯೋ ಇಲ್ಲವೋ ಯಾರು ತೀರ್ಮಾನಿಸಿದರು, ಎಲ್ಲವನ್ನೂ ಕೇಳಿದರು.

“ಸತ್ತಾಂವನ್ನ ಏನು ಮಾಡ್ತಾರ್ರಿ?”

“ಬೊಂಬೇನ ಅಡ್ಡ ಮಲಗಿಸ್ತಾರೆ. ಬಾಲಾಜಿ ಆಗ ಕ್ಯಾಮೆರಾ ಕೆಳಗಿಳಿಸಿ ಹತ್ರದಿಂದ ತೋರಿಸ್ತಾನೆ. ಆಮೇಲೆ ತೆಗೆದುಬಿಡೋದು.”

“ಹಂಗಾರ ತಳ ಕಾಣತೈತಿ,” ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಇದನ್ನೇಕೆ ಬರೆದುಕೊಳ್ಳಬೇಕು ಎಂದು ನನಗೆ ಅರ್ಥವಾಗಲಿಲ್ಲ.

ಆಟದ ನಡುವೆ ಸ್ಫೂರ್ತಿ ಎರಡು ಸಲ ಬೇರೆಯವರ ಬೊಂಬೆಯನ್ನು ಸರಿಸಿಬಿಟ್ಟಳು. “ಸಾರಿ ಕಣ್ರೋ, ನಂದು ಯಾವ್ದು ಅಂತಾನೇ ಗೊತ್ತಾಗ್ತಿಲ್ಲ,” ಎಂದು ನಕ್ಕಳು. ಚನಬಸಪ್ಪನವರು ನಗಲಿಲ್ಲ. ಎರಡು ಗಂಟೆಯ ಆಟ ಮುಗಿದ ಮೇಲೆ ನೋಟ್‌ಬುಕ್ ನನ್ನ ಮುಂದೆ ಹಿಡಿದರು. ಒಂದು ಪುಟದ ತುಂಬಾ ಗೀಟುಗಳು.

“ಎರಡು ತಾಸಿನಾಗ ಮೂರು ಸಲ ಅಷ್ಟ ಬೊಂಬಿ ಮುಖ ನೋಡ್ಯಾರ್ರಿ. ಉಳಿದದ್ದೆಲ್ಲಾ ಮ್ಯಾಲಿಂದ. ನೆತ್ತಿ, ಭುಜ ಬಿಟ್ಟರ ಮತ್ತೇನೂ ಕಾಣಾಂಗಿಲ್ಲ ಅವರಿಗೆ.” ಆಮೇಲೆ ನನ್ನ ಬಿಲ್ಲುಗಾರ್ತಿಯನ್ನು ಪರದೆಯ ಮೇಲೆ ತಂದರು. ನನ್ನ ಹೆಮ್ಮೆಯ ಬೊಂಬೆ ಅದು. ಅವಳ ಎದೆಗವಚಕ್ಕೆ ಮೂವತ್ತೆರಡು ಕೊಂಡಿಗಳು, ಒಂದೊಂದನ್ನೂ ಕೈಯಾರೆ ಕೆತ್ತಿದ್ದೆ. ಚನಬಸಪ್ಪನವರು ಅವಳನ್ನು ನೆತ್ತಿಯ ಮೇಲಿನಿಂದ, ಫೋನಿನಲ್ಲಿ ಕಾಣುವಷ್ಟು ಚಿಕ್ಕದಾಗಿ ತೋರಿಸಿದರು. ಒಂದು ಕಪ್ಪು ಚುಕ್ಕೆ. ಪಕ್ಕದಲ್ಲಿ ಇನ್ನೆರಡು ಬೊಂಬೆ ಇಟ್ಟರು. ಮೂರು ಕಪ್ಪು ಚುಕ್ಕೆಗಳು.

ನನಗೆ ಮೈಯೆಲ್ಲ ಉರಿದುಹೋಯಿತು. “ಸಾರ್, ನೀವು ಕೆಲಸ ಕಲಿಯೋಕೆ ಬಂದಿರೋದು. ಕಲೀರಿ. ನನಗೆ ಕಲಿಸ್ಬೇಡಿ,” ಎಂದು ಬ್ಯಾಗು ತೆಗೆದುಕೊಂಡು ಹೊರಟುಬಿಟ್ಟೆ. ಅವರು ಹೇಳಿದ್ದು ನಿಜ ಎಂದು ಗೊತ್ತಿದ್ದರಿಂದಲೇ ಅಷ್ಟು ಸಿಟ್ಟು ಬಂದಿತ್ತು.

ಆಮೇಲೆ ಅವರು ಹೊಸ ರೀತಿಯಲ್ಲಿ ಕೆಲಸ ಮಾಡತೊಡಗಿದರು. ಮೊದಲು ನೆತ್ತಿಯ ಮೇಲಿನಿಂದ ಆಕಾರ ಬರೆಯುವುದು, ಅದು ಬೇರೆ ಯಾವುದನ್ನೂ ಹೋಲದಂತೆ ನೋಡಿಕೊಳ್ಳುವುದು, ಆಮೇಲೆ ಮೈ ಕಟ್ಟುವುದು. ಅಚ್ಚಿನಿಂದ ಮೇಲಕ್ಕೆಳೆಯುವ ದಿಕ್ಕೂ ಆಟಗಾರರು ನೋಡುವ ದಿಕ್ಕೂ ಒಂದೇ ಆದ್ದರಿಂದ ಅವರ ಹಳೆಯ ಕೈ ಈಗ ಅವರ ಜೊತೆ ಜಗಳವಾಡುತ್ತಿರಲಿಲ್ಲ. ಹನ್ನೊಂದನೆಯ ಬೊಂಬೆ ಸ್ಫೂರ್ತಿಯ ಹೊನ್ನಿ.

“ನಮ್ಮೂರ ಸೇತುವೆ ಮ್ಯಾಲೆ ನಿಂತು ನೋಡ್ತಿದ್ದೆ ನಾ, ಸಣ್ಣಾಂವಿದ್ದಾಗ,” ಎಂದರು. “ಅಂಬಿಗರು ಹರಗೋಲನ್ನ ಬೋರಲು ಮಾಡಿ ಬೆನ್ನ ಮ್ಯಾಲೆ ಹೊತ್ಕೊಂಡು ದಂಡಿಗುಂಟ ನಡೀತಿದ್ರು. ಮ್ಯಾಲಿಂದ ಮನುಷ್ಯಾ ಕಾಣ್ತಿರಲಿಲ್ರಿ. ಹರಗೋಲ ತಾನ ನಡಕೋಂತ ಹೊಂಟಂಗ.”

ಅವರು ಹೊನ್ನಿಯ ಬೆನ್ನ ಮೇಲೆ ದುಂಡನೆಯ ಹರಗೋಲು ಹೊರಿಸಿದ್ದರು, ಅದರ ಮೇಲೆ ಅಡ್ಡಲಾಗಿ ಒಂದು ಹುಟ್ಟು. ಎದುರಿನಿಂದ ನೋಡಿದರೆ ಗಿಡ್ಡ, ದಪ್ಪ, ಮೊಂಡು ಮೂಗಿನ ಹೆಂಗಸು. ನನಗೆ ಇಷ್ಟವಾಗಲಿಲ್ಲ. ಬಾಲಾಜಿ ಬೇಗ ಬೇಕು ಎಂದು ಕೇಳಿದ್ದರಿಂದ ನಾನು ಪೂರ್ತಿ ನೋಡದೆಯೇ ಅವನಿಗೆ ಕಳಿಸಿದೆ.

ಮೂರನೇ ತಿಂಗಳ ಕೊನೆಯ ವಾರ ನಲವತ್ತೂ ಬೊಂಬೆಗಳು ಮುಗಿದವು. ಮಲ್ಲಿಕ್‌ಗೆ ತೋರಿಸುವ ಮುನ್ನ ಒಂದೊಂದನ್ನೂ ಪರೀಕ್ಷೆ ಮಾಡುತ್ತಾ ತಿರುಗಿಸಿದಾಗ ತಳದಲ್ಲಿ ಏನೋ ಕಂಡಿತು. ಚಿಕ್ಕ ವೃತ್ತ, ಅದರೊಳಗೆ ಒಂದು ಅಂಕಿ. ಎಲ್ಲ ಬೊಂಬೆಗಳಲ್ಲೂ ಇತ್ತು, ಒಂದರಿಂದ ನಲವತ್ತರವರೆಗೆ.

“ಸಾರ್, ನಿಮ್ಮ ಸಹಿ ಹಾಕಿದೀರಾ?” ಎಂದೆ, ವ್ಯಂಗ್ಯವಾಗಿಯೇ.

“ಸಹಿ ಅಲ್ರಿ. ಮನ್ಯಾಗ ಯಾವ ಪ್ಲಾಸ್ಟಿಕ್ ಡಬ್ಬಿ ಬೇಕಾದ್ರೂ ಬೋರಲು ಹಾಕಿ ನೋಡ್ರಿ, ಸಣ್ಣ ನಂಬರ್ ಇರತೈತಿ. ಒಂದು ಮೋಲ್ಡಿನಾಗ ಎಂಟು ಕುಳಿ ಇದ್ರ, ಇದು ಯಾವ ಕುಳಿಯಾಗಿಂದ ಬಂತು ಅಂತ. ನಾಳೆ ಅದು ಸೀಳಿದ್ರ, ಎಲ್ಲಿ ತಪ್ಪಾಗೈತಿ ಅಂತ ಸೀದಾ ಅಲ್ಲಿಗೇ ಬರಬೇಕಲ್ಲ. ಇದ ಕೆಟ್ಟರ ನನ್ನ ಕಡೆ ಬರ್ಲಿ ಅಂತ ಹಾಕೇನ್ರಿ.”

“ಇದನ್ನ ಯಾರೂ ನೋಡಲ್ಲ ಸಾರ್. ಸುಮ್ನೆ ಫೈಲ್ ಭಾರ,” ಎಂದೆ. ನಾನೇ ಕೂತು ಒಂದೊಂದಾಗಿ ಅಳಿಸಿದೆ. ಅವರು ಪಕ್ಕದಲ್ಲಿ ನಿಂತು ಕೊನೆಯವರೆಗೆ ನೋಡಿದರು.

ಗುರುವಾರ ಮಲ್ಲಿಕ್ ಬಂದ. ಗೋಡೆಯ ದೊಡ್ಡ ಟೀವಿಯಲ್ಲಿ ನಲವತ್ತು ಬೊಂಬೆಗಳನ್ನೂ ಎದುರಿನಿಂದ, ಆಳೆತ್ತರ ಮಾಡಿ ತೋರಿಸಿದೆವು. ಆ ಗಾತ್ರದಲ್ಲಿ ಅವು ಮೊದ್ದು ಮೊದ್ದಾಗಿ ಕಂಡವು. ಮಲ್ಲಿಕ್ ನನ್ನನ್ನು ಹೊರಗೆ ಕರೆದು, “ಇದು ನಮಗೆ ಆಗಲ್ಲ ವನಜಾ. ಒಳ್ಳೆ ಮನುಷ್ಯ, ಆದ್ರೆ ಆಗಲ್ಲ. ನಾಳೆ ನೀವೇ ಹೇಳ್ಬಿಡಿ,” ಎಂದ.

ನಾನು ಆಗ ಮಾತನಾಡಬೇಕಿತ್ತು. ಒಮ್ಮೆ ಮೇಲಿನಿಂದ ನೋಡಿ ಎನ್ನಬೇಕಿತ್ತು. ಆದರೆ ಹಾಗೆ ನೋಡಿದರೆ ನನ್ನ ಮೂವತ್ತೆರಡು ಕೊಂಡಿಗಳೂ ಕಪ್ಪು ಚುಕ್ಕೆಯಾಗುತ್ತವೆ ಎಂದು ನನಗೆ ಗೊತ್ತಿತ್ತು. “ಸರಿ” ಎಂದು ತಲೆಯಾಡಿಸಿದೆ.

ಶುಕ್ರವಾರ ಹೇಳಲು ಬಾಯಿ ಬರಲಿಲ್ಲ. ಸಂಜೆ ಹೊರಡುವಾಗ ಚನಬಸಪ್ಪನವರೇ ಕೇಳಿದರು, “ಸೋಮವಾರ ಬರ್ಲೋ ಬ್ಯಾಡೋ ಮೇಡಂ?” ಕ್ಯಾಲಿಪರನ್ನು ಜೇಬಿನಿಂದ ತೆಗೆದು ಬ್ಯಾಗಿಗೆ ಹಾಕಿಕೊಂಡಿದ್ದರು.

“ಬನ್ನಿ ಸಾರ್,” ಎಂದೆ. ಏಕೆ ಹಾಗೆಂದೆನೋ ತಿಳಿಯದು. ಹೇಡಿತನ ಇರಬೇಕು.

ಶನಿವಾರ ಮಧ್ಯಾಹ್ನ ಬೇಗೂರಿನ ಮನೆಯಲ್ಲಿ ಕೂತು, ಯಾಕೋ ಬಾಲಾಜಿಯ ಆಟಕ್ಕೆ ಸೇರಿಕೊಂಡು ಸುಮ್ಮನೆ ನೋಡುತ್ತಿದ್ದೆ. ಕೋಟೆಯ ಬಾಗಿಲಲ್ಲಿ ಕಾಳಗ. ಮೇಲಿನಿಂದ ನೋಡಿದರೆ ಇಪ್ಪತ್ತು ಕಪ್ಪು ಚುಕ್ಕೆಗಳು ಗಿಜಿಗುಡುತ್ತಿದ್ದವು, ಅವುಗಳ ನಡುವೆ ದುಂಡನೆಯ ಒಂದು ಹರಗೋಲು ಸರಸರನೆ ಓಡಾಡುತ್ತಿತ್ತು. ಸ್ಫೂರ್ತಿ ಬಸ್ಸಿನಲ್ಲಿ ಕೂತು, ಒಮ್ಮೆಯೂ ತಡಕಾಡದೆ ಹೊನ್ನಿಯನ್ನು ನಡೆಸುತ್ತಿದ್ದಳು. ಗಾಯಗೊಂಡಿದ್ದ ಜೊತೆಗಾರನನ್ನು ಎಳೆದು ಹೊಳೆಯ ದಡ ಮುಟ್ಟಿಸಿದಳು. ಅಷ್ಟರಲ್ಲಿ ಬಾಲಾಜಿ ಉರುಳಿಸಿದ ದಾಳ ಅವಳ ವಿರುದ್ಧ ಬಿತ್ತು. ಕೋಟೆಯ ಮೇಲಿನಿಂದ ಬಂದ ಬಾಣ ಹೊನ್ನಿಗೆ ನಾಟಿತು.

ಬೊಂಬೆ ಅಡ್ಡ ಬಿತ್ತು. ಬಾಲಾಜಿ ಕ್ಯಾಮೆರಾವನ್ನು ನಿಧಾನವಾಗಿ ನೆಲದ ಮಟ್ಟಕ್ಕೆ ಇಳಿಸಿದ. ಹೊನ್ನಿಯ ತಳ ನಮ್ಮ ಕಡೆ ತಿರುಗಿತ್ತು. ಅಲ್ಲಿ ಚಿಕ್ಕ ವೃತ್ತ, ಒಳಗೆ ಹನ್ನೊಂದು. ನಾನು ಅಳಿಸಿದ್ದು ಆಫೀಸಿನ ಫೈಲುಗಳಲ್ಲಿ ಮಾತ್ರ, ಮೊದಲೇ ಕಳಿಸಿದ್ದ ಇದೊಂದು ಉಳಿದುಬಿಟ್ಟಿತ್ತು.

“ಏನದು ನಂಬರ್?” ಎಂದಳು ಸ್ಫೂರ್ತಿ.

ನಾನು ಮೈಕ್ ಹಾಕಿ ಚನಬಸಪ್ಪನವರು ಹೇಳಿದ್ದನ್ನೇ ಹೇಳಿದೆ. ಇದು ಕೆಟ್ಟರೆ, ಮಾಡಿದವರ ಹತ್ತಿರ ಸೀದಾ ಹೋಗಲಿ ಎಂದು.

“ಹಂಗಾದ್ರೆ ಅವರನ್ನ ಕರೀರಿ ಅಕ್ಕ. ನಾನು ಮಾತಾಡ್ಬೇಕು.”

ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅವರು ಚಿಕ್ಕಬಾಣಾವರದಲ್ಲಿ ತರಕಾರಿ ಕೊಳ್ಳುತ್ತಿದ್ದರು. ನಿಮ್ಮ ಹನ್ನೊಂದನೇ ನಂಬರ್ ಬಿದ್ದುಹೋಯಿತು ಸಾರ್ ಎಂದೆ.

“ತಳ ಸಣ್ಣದಾತೇನ್ರಿ?” ಎಂದರು. ಗಾಬರಿಯಾಗಿದ್ದರು.

“ಇಲ್ಲ ಸಾರ್, ಬಾಣ ಬಿತ್ತು,” ಎಂದಳು ಸ್ಫೂರ್ತಿ. ಅಳು ನಗು ಎರಡೂ ಸೇರಿ ಬಂದಿತ್ತು ಅವಳಿಗೆ. “ನಾನೇ ಹೊನ್ನಿ ಆಡಿಸ್ತಿದ್ದೋಳು. ಎರಡು ವರ್ಷದಿಂದ ಆಡ್ತಿದೀನಿ ಸಾರ್. ಇಷ್ಟು ದಿನ ಅರ್ಧ ಆಟ ನನ್ನ ಬೊಂಬೆ ಎಲ್ಲಿದೆ ಅಂತ ಹುಡುಕೋದ್ರಲ್ಲೇ ಹೋಗ್ತಿತ್ತು. ನೀವು ಮಾಡ್ಕೊಟ್ಟ ಮೇಲೆ ಒಂದ್ಸಲಾನೂ ಹುಡುಕಿಲ್ಲ. ಅದನ್ನ ಹೇಳೋಣ ಅಂತ.”

“ಹೌದೇನವ್ವಾ,” ಎಂದರು ಅವರು. ಹಿಂದೆ ಯಾರೋ ಸೊಪ್ಪಿನ ಬೆಲೆ ಕೂಗುತ್ತಿದ್ದರು.

ಸೋಮವಾರ ಮಲ್ಲಿಕ್ ಬರುವ ಮೊದಲೇ ನಾನು ಅವನ ಕೋಣೆಯಲ್ಲಿ ಕೂತಿದ್ದೆ. ಹೆಸರಿನ ಚೀಟಿಗಳಿಲ್ಲದೆ ನಮ್ಮ ಇಪ್ಪತ್ತು ಬೊಂಬೆ, ಅವರ ಇಪ್ಪತ್ತು ಬೊಂಬೆಗಳನ್ನು ಆಟದ ಮೇಜಿನ ಮೇಲೆ ಇಟ್ಟು, ನನ್ನ ಫೋನಿನಲ್ಲಿ ನೆತ್ತಿಯ ಮೇಲಿನಿಂದ ತೋರಿಸಿದೆ. ಯಾರು ಯಾರೆಂದು ಹೇಳಿ ಎಂದೆ. ಅಂಬಿಗಿತ್ತಿ, ಕಂಬಳಿ ಹೊದ್ದ ಕುರಿಗಾಹಿ, ಕೊಡೆ ಹಿಡಿದ ಮುದುಕ ಎಂದು ಅವನು ಬೆರಳಿಟ್ಟದ್ದೆಲ್ಲ ಚನಬಸಪ್ಪನವರದೇ. ನನ್ನ ಬಿಲ್ಲುಗಾರ್ತಿಯನ್ನು ಪೊದೆ ಎಂದ.

“ಇದನ್ನ ಗುರುವಾರನೇ ಯಾಕ್ ಹೇಳ್ಲಿಲ್ಲ?”

“ನಂಗೆ ಗೊತ್ತಿತ್ತು, ಹೇಳ್ಲಿಲ್ಲ. ತಪ್ಪು ನಂದು,” ಎಂದೆ. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಆ ಕೋಣೆಯಲ್ಲಿ ಹೇಳಿದ್ದು ಅದೇ ಮೊದಲು.

ಮಲ್ಲಿಕ್ ಇನ್ನೂ ಸ್ವಲ್ಪ ಹೊತ್ತು ಫೋನನ್ನೇ ನೋಡಿದ. ಆಮೇಲೆ ಎದ್ದು ಹೊರಗೆ ಹೋಗಿ, ಒಂಬತ್ತೂಕಾಲಿಗೆ ಬಂದು ಕೂತಿದ್ದ ಚನಬಸಪ್ಪನವರ ಕೈ ಕುಲುಕಿದ. ಅವರು ಬ್ಯಾಗಿನಿಂದ ಕ್ಯಾಲಿಪರ್ ತೆಗೆದು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

ಅವತ್ತು ಮಧ್ಯಾಹ್ನ ನಾನು ಅಳಿಸಿದ್ದ ನಂಬರುಗಳನ್ನೆಲ್ಲ ನಾನೇ ಕೂತು ಮತ್ತೆ ಹಾಕಿದೆ. ಅದು ಮುಗಿದ ಮೇಲೆ ನನ್ನ ಬಿಲ್ಲುಗಾರ್ತಿಯನ್ನು ತೆರೆದೆ. ಕೊಂಡಿಗಳನ್ನು ಒಂದೊಂದಾಗಿ ತೆಗೆದೆ, ಬೆನ್ನಿನ ಬತ್ತಳಿಕೆಯನ್ನು ಭುಜದಾಚೆಗೆ ಚಾಚುವಂತೆ ಅಗಲ ಮಾಡಿದೆ, ಮೇಲಿನಿಂದ ನೋಡಿದೆ. ಬಾಣದ ಗರಿಗಳು ಬೀಸಣಿಗೆಯಂತೆ ಬಿಚ್ಚಿ ಕಂಡವು. ಕೊನೆಗೆ ಅವಳನ್ನು ಬೋರಲು ಹಾಕಿ ತಳದಲ್ಲಿ ಒಂದು ಚಿಕ್ಕ ವೃತ್ತ ಬರೆದೆ. ಒಳಗೆ ಏನು ಬರೆಯಬೇಕೋ ತೋಚಲಿಲ್ಲ. ಈ ಒಂಬತ್ತು ವರ್ಷಗಳಲ್ಲಿ ಎಷ್ಟು ಬೊಂಬೆ ಮಾಡಿದ್ದೇನೋ, ಅದರಲ್ಲಿ ಎಷ್ಟು ಜನ ತಮ್ಮ ಬೊಂಬೆ ಹುಡುಕಿ ಸುಸ್ತಾದರೋ, ನನಗೆ ಲೆಕ್ಕವಿಲ್ಲ.

“ಸಾರ್, ನಂದಕ್ಕೆ ಎಷ್ಟನೇ ನಂಬರ್ ಹಾಕ್ಲಿ?” ಎಂದು ಕೇಳಿದೆ.

ಚನಬಸಪ್ಪನವರು ಕುರ್ಚಿ ಸರಿಸಿಕೊಂಡು ಬಂದು, ಕನ್ನಡಕ ಏರಿಸಿ, ನನ್ನ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ನಿಮ್ದು ಒಂದರಿಂದ ಸುರು ಮಾಡ್ರಿ,” ಎಂದರು.